ಮೊದಲು ಬರೆ, ಆಮೇಲೆ ನಗು

ಸಿದ್ದಾಪುರ,
ಭತ್ತದ ಕೊಯ್ಲು ನಡೆದಿರುವ ದಿನಗಳು, 2024

ತಮ್ಮಾ ಪರಮೇಶ,

ಈ ಕಾಗದವನ್ನು ಅಪ್ಪ ನಿನ್ನ ಮುಂದೆ ಇಟ್ಟು, ಏನೂ ಹೇಳದೆ, ಸಾಣಾಪುರದ ಕೆರೆ ದಂಡೆಗೆ ಹೋಗಿ ಕೂತಿರುತ್ತಾನೆ. ಹಾಗೆ ಮಾಡು ಎಂದು ನಾನೇ ಹೇಳಿ ಕಳಿಸಿದ್ದೇನೆ. ಹೋದ ಸಲ ಅವನು ನಿನ್ನನ್ನು ಹುಡುಕಿಕೊಂಡು ಬಂದಾಗ, ಮಾತಿಗೆಂದು ಅವನ ಕೈ ಮೇಲೇಳುವ ಮೊದಲೇ ನೀನು ಕಣ್ಣು ಮುಚ್ಚಿಕೊಂಡೆಯಂತೆ. ಮನೆಗೆ ಬಂದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ಬಾಗಲಾ ಹಾಕಿದಂಗ ಕಣ್ಣು ಹಾಕ್ಕೊಂಡಬಿಟ್ಟ ನೋಡವಾ, ಎಷ್ಟೊತ್ತು ನಿಂತ್ರೂ ತಗೀಲಿಲ್ಲ" ಎಂದ. ನಾನು ಬಂದಾಗಲೂ ನೀನು ಹಾಗೇ ಮಾಡಿದ್ದೆ. ನಾವಾದರೆ ಸಿಟ್ಟು ಬಂದಾಗ ಮಾತು ಬಿಡುತ್ತೇವೆ. ಆದರೂ ಎದುರಿನವರು ಬೈದದ್ದು, ಅತ್ತದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ನೀನು ಕಣ್ಣು ಮುಚ್ಚಿದೆಯೆಂದರೆ ಮುಗಿಯಿತು, ಯಾರೂ ಒಳಗೆ ಬರುವ ಹಾಗಿಲ್ಲ. ಅದಕ್ಕೇ ಕಾಗದ. ಇದರ ಮುಂದೆ ಬೇಕಾದಷ್ಟು ಹೊತ್ತು ಕಣ್ಣು ಮುಚ್ಚಿಕೊಂಡು ಕೂಡು. ಇದು ಎದ್ದು ಹೋಗುವುದಿಲ್ಲ.

ನಿನಗೆ ಗೊತ್ತಿಲ್ಲದ ಎರಡು ಸಂಗತಿ ಇದರಲ್ಲಿವೆ. ಒಂದು ನಿನ್ನ ಕೈಯದು, ಇನ್ನೊಂದು ನನ್ನ ಮಗಳದು. ಯಾವುದನ್ನು ಮೊದಲು ಹೇಳಬೇಕೆಂದು ತಿಳಿಯದೆ ಎಷ್ಟೋ ಸಲ ಬರೆದು ಹರಿದಿದ್ದೇನೆ. ನಿದ್ದೆ ಕಾಣದ ತಲೆ ಇದು. ಹಿಂದುಮುಂದಾದರೆ ನೀನೇ ಹೊಂದಿಸಿಕೊಂಡು ಓದು.

ನಿನಗೆ ಬರೆಯುವಾಗ ನನ್ನ ಕೈಗೆ ತಾನಾಗಿ ಪುಸ್ತಕದ ಕನ್ನಡ ಬರುತ್ತದೆ. ಮನೆಯಲ್ಲಿ ಎಲ್ಲರೂ ಐತಿ, ಹೋಗ್ಯಾನ ಎನ್ನುವಾಗ ನೀನೊಬ್ಬನೇ "ಇದೆ", "ಹೋಗಿದ್ದಾನೆ" ಎಂದು ಬರೆಯುತ್ತಿದ್ದೆ. ಕಿವಿಯಿಂದ ಒಂದು ಮಾತೂ ಒಳಗೆ ಹೋಗದವನಿಗೆ ಕನ್ನಡ ಸಿಕ್ಕಿದ್ದು ಪಾಠದ ಪುಸ್ತಕದಿಂದ ಮಾತ್ರ. ಅವ್ವ ಆಡಿದ್ದನ್ನು ಆಡಿದ ಹಾಗೇ ನಾನು ಮೊದಲ ಸಲ ಸ್ಲೇಟಿನ ಮೇಲೆ ಬರೆದು ತೋರಿಸಿದ್ದು ನೆನಪಿದೆಯೇ? "ಉಣ್ಣಾಕ ಬಾ ಅಂದ್ರ ಕುಂತ ಕುಂತಲ್ಲೇ ನಗತೈತಿ ಹಾಳಾದ್ದು." ನೀನು ಅದನ್ನು ಮೇಲಿಂದ ಕೆಳಗೆ ಓದಿ, ಕೆಳಗೆ ಬರೆದೆ: "ಇದು ಯಾವ ಭಾಷೆ?" ಅವ್ವನಿಗೆ ಓದಿ ಹೇಳಿದೆ. "ಆಹಾ, ಧಾರವಾಡದ ಸಾಹೇಬ ಹುಟ್ಟ್ಯಾನ ನಮ್ಮನ್ಯಾಗ" ಎಂದು ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು.

ಸಾಲಿಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂಡುತ್ತಿದ್ದೆವು. ನಿನಗಿಂತ ದೊಡ್ಡವಳಾದರೂ ನನ್ನನ್ನು ನಿನ್ನ ವರ್ಗಕ್ಕೇ ಹಚ್ಚಿದ್ದರು, ನಿನ್ನನ್ನು ನೋಡಿಕೊಳ್ಳಲು ಒಬ್ಬರು ಬೇಕಲ್ಲ ಎಂದು. ಗಂಡು ಹುಡುಗರು ಒಂದು ಕಡೆ, ಹೆಣ್ಣು ಹುಡುಗಿಯರು ಒಂದು ಕಡೆ. ನಡುವೆ ನಾವು, ಯಾವ ಕಡೆಗೂ ಸೇರದವರು. ಮಾಸ್ತರರು ಹೇಳಿದ್ದನ್ನು ನಾನು ಸ್ಲೇಟಿನ ಕೆಳಭಾಗದಲ್ಲಿ ಬರೆಯಬೇಕು, ನೀನು ಓದಬೇಕು, ನಾನು ಒರೆಸಿ ಮತ್ತೆ ಬರೆಯಬೇಕು. ಮೇಲ್ಭಾಗ ನಿನ್ನ ಲೆಕ್ಕಕ್ಕೆ. ಪಾಠವಷ್ಟೇ ಅಲ್ಲ, "ಹೊರಗೆ ನಾಯಿ ಬೊಗಳಿತು", "ಮಾಸ್ತರರು ಕೆಮ್ಮಿದರು", "ಬಿಸಿಯೂಟದ ಗಂಟೆ" ಎಂದೂ ಬರೆಯುತ್ತಿದ್ದೆ. ಒಮ್ಮೆ ಮಾಸ್ತರರು ಏನೋ ಚ್ಯಾಷ್ಟಿ ಮಾಡಿದರು, ಇಡೀ ವರ್ಗ ನಕ್ಕಿತು, ನಾನೂ ನಕ್ಕೆ. ನೀನು ನನ್ನ ಕೈಯಿಂದ ಬಳಪ ಕಿತ್ತುಕೊಂಡು ಒತ್ತಿ ಒತ್ತಿ ಬರೆದೆ: "ಮೊದಲು ಬರೆ. ಆಮೇಲೆ ನಗು." ಅಂದಿನಿಂದ ನಾನು ನಗು ಬಂದರೂ ತುಟಿ ಕಚ್ಚಿ ಮೊದಲು ಬರೆಯುತ್ತಿದ್ದೆ. ಇಡೀ ವರ್ಗ ನಕ್ಕು ಮುಗಿಸಿದ ಮೇಲೆ ನಾವಿಬ್ಬರೂ ಬೇರೆಯಾಗಿ ನಗುತ್ತಿದ್ದೆವು. "ಈ ಎರಡಕ್ಕ ಹುಚ್ಚು ಹಿಡದೈತೇನು?" ಎಂದು ಮಾಸ್ತರರು ಕೇಳುತ್ತಿದ್ದರು. ಅದನ್ನೂ ಬರೆದು ತೋರಿಸುತ್ತಿದ್ದೆ, ಮತ್ತೆ ನಗು.

ನಮ್ಮೆಲ್ಲರಿಗೂ ನೀನು ಕೈ ಹೆಸರು ಇಟ್ಟಿದ್ದೆ. ಮೂಗಿನ ಬದಿ ಮುಟ್ಟಿದರೆ ಅವ್ವ, ಅವಳ ಮೂಗುತಿ. ಹೆಗಲ ಮೇಲೆ ತಟ್ಟಿದರೆ ಅಪ್ಪ, ಅವನ ಟವೆಲ್ಲು. ಬಲಗೈಯ ತೋರುಬೆರಳಿನಿಂದ ಎಡ ಅಂಗೈ ಮೇಲೆ ಬರೆದಂತೆ ಮಾಡಿದರೆ ಅದು ನಾನು, ಅಕ್ಕ. ಓಣಿಯ ಈ ತುದಿಯಲ್ಲಿ ನಾನು ಕಂಡರೆ ಆ ತುದಿಯಿಂದ ನಿನ್ನ ಬೆರಳು ಅಂಗೈಯಲ್ಲಿ ಓಡಾಡುತ್ತಿತ್ತು. ಅಷ್ಟು ದೂರದಿಂದ ಬಾಯಿ ಇದ್ದವರು ಯಾರೂ ನನ್ನನ್ನು ಕರೆದದ್ದಿಲ್ಲ.

ಮುಂದಿನದು ನಿನಗೆ ಗೊತ್ತೇ ಇದೆ. ಹತ್ತನೆಯದರಲ್ಲಿ ಗಣಿತ ನಿನ್ನನ್ನು ಹಿಡಿದುಕೊಂಡಿತು. ನೀನು ರೈಸ್ ಮಿಲ್ಲಿಗೆ ಚೀಲ ಹೊರಲು ಹೋದೆ, ನಾನು ಗಂಗಾವತಿಗೆ ಕಾಲೇಜಿಗೆ ಹೋದೆ. ಆದರೂ ನಿನ್ನನ್ನು ಬಿಡಲಿಲ್ಲ, ಪರೀಕ್ಷೆ ಕಟ್ಟಿಸಿ ಪಾಸು ಮಾಡಿಸಿ ಐ.ಟಿ.ಐ. ಗೆ ಹಚ್ಚಿದೆ. ಎಲೆಕ್ಟ್ರಿಷಿಯನ್. ಅಲ್ಲಿ ತಿಮ್ಮಣ್ಣ ಸರ್ ನಿನಗೆ ಭಾಳ ಸೇರಿದ್ದರು. "ಅವರು ನನ್ನ ಕಡೆಗೆ ಮುಖ ಮಾಡಿ ಮಾತನಾಡುತ್ತಾರೆ. ಅವರ ಮೀಸೆ ಚಿಕ್ಕದು, ತುಟಿ ಕಾಣುತ್ತದೆ" ಎಂದು ಬರೆದಿದ್ದೆ. ನಿನಗೆ ಒಳ್ಳೆಯ ಮೇಷ್ಟ್ರು ಅಂದರೆ ಸಣ್ಣ ಮೀಸೆಯವರು.

ಆಮೇಲೆ ಕೊರೋನಾ ಬಂತು. ಐ.ಟಿ.ಐ. ಮುಚ್ಚಿತು, ಪಾಠ ಮೊಬೈಲಿಗೆ ಬಂತು. ವಿಡಿಯೊದಲ್ಲಿ ತಿಮ್ಮಣ್ಣ ಸರ್ ಅವರ ಮುಖ ಇರಲಿಲ್ಲ. ಎರಡು ಕೈ, ಒಂದು ಬೋರ್ಡು, ವೈರು, ಅಷ್ಟೇ. ದನಿ ಎಲ್ಲಿಂದಲೋ ಬರುತ್ತಿತ್ತು. ನೀನು ಆ ಕೈಗಳನ್ನು ನೋಡುತ್ತ ನನ್ನ ಪಕ್ಕ ಕಟ್ಟೆಯ ಮೇಲೆ ಕೂಡುತ್ತಿದ್ದೆ, ನಾನು ನಿಲ್ಲಿಸಿ ನಿಲ್ಲಿಸಿ ಕೇಳಿ ಬರೆದುಕೊಡುತ್ತಿದ್ದೆ. ಸ್ಲೇಟಿನ ಕೆಲಸವೇ ಮತ್ತೆ ಬಂತಲ್ಲ ಎಂದು ಇಬ್ಬರಿಗೂ ಒಳಗೊಳಗೆ ಸಂತೋಷ. ನಾನು ಮದುವೆಯಾಗಿ ಕುಷ್ಟಗಿಗೆ ಹೋದ ಮೇಲೂ ನೀನು ವಿಡಿಯೊ ಕಳಿಸುತ್ತಿದ್ದೆ, ನಾನು ಅಲ್ಲಿಂದ ಒಂದೊಂದು ಸಾಲು ಟೈಪು ಮಾಡಿ ಕಳಿಸುತ್ತಿದ್ದೆ. ಹೊಸ ಸೊಸೆ ಕಿವಿಗೆ ವೈರು ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತದ್ದನ್ನು ನೋಡಿ ಅತ್ತೆ ಯಮನೂರಮ್ಮ, "ನಮ್ಮನಿಗೆ ಸೊಸಿ ಬಂದಾಳೋ, ತಾಸೀಲ ಕಚೇರಿ ಗುಮಾಸ್ತೆ ಬಂದಾಳೋ?" ಎಂದು ಬಂದವರ ಮುಂದೆಲ್ಲ ಕೇಳುತ್ತಿದ್ದಳು. ನಿನ್ನ ಭಾವ ಪ್ರವೀಣಕುಮಾರ ಬಸ್ಸಿನ ಡ್ಯೂಟಿ ಮುಗಿಸಿ ಬಂದು, "ಇವತ್ತ ಎಷ್ಟು ವೈರ್ ಜೋಡಿಸಿದ್ರಿ ಇಬ್ರೂ?" ಎಂದು ಕಾಡುತ್ತಿದ್ದರು.

ಆ ಬೇಸಿಗೆಯಲ್ಲಿ ನನಗೆ ಜ್ವರ ಬಂತು. ಮೊಬೈಲು ಹಿಡಿದರೆ ತಲೆ ತಿರುಗುತ್ತಿತ್ತು. ಒಂದು ದಿನ ನಿನ್ನ ಮೆಸೇಜು ಬಂತು: "ಹೊಸ ವಿಡಿಯೊ ಬಂದಿದೆ. ಸುಲಭವಾಗಿದೆ. ಕೈಗಳು ಚೆನ್ನಾಗಿ ಕಾಣುತ್ತವೆ. ನೀನು ಬರೆಯುವುದು ಬೇಡ. ಮಲಗು." ವಿಡಿಯೊ ಕಳಿಸಿರಲಿಲ್ಲ, ಮೆಸೇಜು ಮಾತ್ರ. ನಾನು ಮಲಗಿದೆ.

ಮತ್ತೆ ಆ ದಿನ. ನೀನು ಇದನ್ನು ಓದಬೇಕಾಗಿದೆ, ಸಹಿಸಿಕೋ. ಕಾಲುವೆ ಪಕ್ಕದ ಹೊಲದ ಶರಣಬಸಪ್ಪನ ಪಂಪ್‌ಸೆಟ್ಟು ನಿಂತಿತ್ತು. ಫ್ಯೂಜು ಹೋಗಿತ್ತು. ತ್ರೀಫೇಸ್ ಕರೆಂಟು ಇರುವುದು ಸ್ವಲ್ಪ ಹೊತ್ತು, ಅಷ್ಟರೊಳಗೆ ಸಸಿ ಮಡಿಗೆ ನೀರು ಹಾಯಬೇಕು. ಅಪ್ಪನ ಜೊತೆ ನೀನು ಅಲ್ಲೇ ಇದ್ದೆ. ಶರಣಬಸಪ್ಪ ನಿನ್ನನ್ನು ಕಂಡು, "ಏ, ದಾರಿ ಬಿಡ್ರೋ, ನಮ್ಮ ಮೆಕ್ಯಾನಿಕ್ ಬಂದಾ!" ಎಂದ. ನಿನಗೆ ಕೇಳಿಸದಿದ್ದರೂ ಎಲ್ಲರೂ ನಿನ್ನ ಕಡೆ ತಿರುಗಿದ್ದು ಕಂಡಿತು. ನೀನು ಕೈ ಒರೆಸಿಕೊಂಡು, ಅಪ್ಪನ ಕಡೆ ನೋಡಿ ನಕ್ಕು, ಎರಡು ಬೆರಳು ತೋರಿಸಿದೆಯಂತೆ. ಆಮೇಲೆ ಒಂದು ಬೆರಳು. ಆಮೇಲೆ ಫ್ಯೂಜು ತೆಗೆದುಕೊಂಡು ಒತ್ತಿದೆ. ಮೇನು ಸ್ವಿಚ್ಚು ಚಾಲೂ ಇತ್ತು. ಮೋಟಾರಿನೊಳಗೆ ವೈರು ಸುಟ್ಟು ಒಂದಕ್ಕೊಂದು ಅಂಟಿತ್ತು. "ಡಬ್ಬಿಯೊಳಗಿಂದ ಬೆಂಕಿ ಉಂಡಿ ಬಂದಂಗ ಬಂತವಾ" ಎಂದು ಅಪ್ಪ ಈಗಲೂ ಹೇಳುತ್ತಾನೆ, ಹೇಳಿ ತನ್ನ ಕೈ ನೋಡಿಕೊಳ್ಳುತ್ತಾನೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಬಲಗೈಯ ಹೆಬ್ಬೆರಳು, ಕಿರುಬೆರಳು ಮತ್ತು ಅಂಗೈ ಉಳಿಸಿದರು. ನಡುವಿನ ಮೂರು ಹೋದವು. ಪಟ್ಟಿ ಬಿಚ್ಚಿದ ದಿನ ನಾನು ನಿನ್ನ ಮಂಚದ ಪಕ್ಕ ನಿಂತಿದ್ದೆ. ನೀನು ನನ್ನನ್ನು ನೋಡಿ ಎಡಗೈ ಚಾಚಿದೆ, ಅದರ ಮೇಲೆ ಬಲಗೈ ತಂದೆ. ಬರೆಯಲು ಬೆರಳಿರಲಿಲ್ಲ. ಕೈ ಅಲ್ಲೇ ನಿಂತಿತು. ಅಕ್ಕ ಎಂದು ನೀನು ಕರೆಯಲು ಹೊರಟ ಕೊನೆಯ ಸಲ ಅದು.

ಊರಿನವರ ಬಾಯಿ ನಿನಗೆ ಗೊತ್ತು. "ಕಿವುಡಗ ಯಾಕ ಬೇಕಾಗಿತ್ತು ಕರೆಂಟಿನ ಕೆಲಸ?" ಎಂದರು. "ಕಿವಿ ಇಲ್ಲ ಅಂದ್ರ ಕಣ್ಣೂ ಇಲ್ಲೇನ ಅವಗ, ಮೇನ್ ಚಾಲೂ ಇದ್ದದ್ದ ಕಾಣಲಿಲ್ಲೇನು?" ಎಂದರು. ನಾನು ಅದನ್ನು ಯಾವುದನ್ನೂ ಬರೆದು ತೋರಿಸಲಿಲ್ಲ. ಆದರೆ ತುಟಿ ಓದುವವನಿಗೆ ಏನು ಮುಚ್ಚಿಡಲು ಬರುತ್ತದೆ? ನೀನು ಎಲ್ಲವನ್ನೂ ಓದಿದೆ, ಓದಿ ನಂಬಿದೆ. ಒಂದು ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಸಾಣಾಪುರದಲ್ಲಿ ಹರಿಗೋಲು ತೊಳೆದು ದಂಡೆಯ ಮೇಲೆ ಬೋರಲು ಹಾಕುವ ಕೆಲಸಕ್ಕೆ ಇದ್ದೀಯೆಂದು ಅಪ್ಪ ಪತ್ತೆ ಮಾಡಿಕೊಂಡು ಬಂದ. ಅಲ್ಲಿ ಬರುವವರು ಪರಸ್ಥಳದವರು, ಯಾರಿಗೂ ನಿನ್ನ ಕೈಯ ಕತೆ ಬೇಡ.

ಈಗ ಮಗಳ ಸಂಗತಿ.

ಹೋದ ವರ್ಷ ದೀಪಾವಳಿ ಆದ ಮೇಲೆ ಹುಟ್ಟಿದಳು. ನೀನು ಸೋದರಮಾವ ಆಗಿದ್ದೀ. ತೊಟ್ಟಿಲ ದಿನ ಕುಷ್ಟಗಿಯ ನಾದಿನಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ದುರ್ಗಾದೇವಿ ಎಂದು ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ಗದ್ದಲ ಹಾಕಿದರು. ಕೂಸು ಕಣ್ಣೇ ತೆರೆಯಲಿಲ್ಲ. "ಶಾಣ್ಯಾ ಕೂಸು, ಊರು ಹತ್ತಿ ಉರಿದ್ರೂ ನಿದ್ದಿ ಬಿಡೂದಿಲ್ಲ" ಎಂದು ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಿತ್ತಲ ಬಾಗಿಲಲ್ಲಿ ಅವ್ವ ನಿಂತಿದ್ದಳು, ಅವಳೂ ನಗಲಿಲ್ಲ. ನಿನ್ನ ತೊಟ್ಟಿಲ ದಿನವೂ ಮಂದಿ ಇದೇ ಮಾತು ಹೇಳಿ ನಕ್ಕಿದ್ದರಂತೆ.

ನಾನು ಅಂದಿನಿಂದ ಕೂಸಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ತಾಟು ಬಡಿದೆ, ಪ್ರೆಶರ್ ಕುಕ್ಕರಿನ ಸೀಟಿ ಆಗುವಾಗ ಅವಳ ಮುಖ ನೋಡುತ್ತ ಕೂತೆ. ಒಮ್ಮೊಮ್ಮೆ ತಿರುಗಿದಂತೆ ಕಾಣುತ್ತಿತ್ತು, ಅಷ್ಟಕ್ಕೇ ಒಂದು ವಾರ ಉಸಿರಾಡುತ್ತಿದ್ದೆ. ಆಮೇಲೆ ತಿಳಿಯಿತು, ಅವಳು ತಿರುಗಿದ್ದು ಗೋಡೆಯ ಮೇಲೆ ಓಡಿದ ನನ್ನ ನೆರಳಿಗೆ. ಕೊನೆಗೆ ಕೊಪ್ಪಳಕ್ಕೆ ಕರೆದುಕೊಂಡು ಹೋದೆವು. ಕೂಸನ್ನು ಮಲಗಿಸಿ ತಲೆಗೆ ತಂತಿ ಅಂಟಿಸಿ ಕಿವಿಯ ಪರೀಕ್ಷೆ ಮಾಡಿದರು. ಅವಳು ಸುಖವಾಗಿ ಮಲಗಿದ್ದಳು. ನಾನು ಅವತ್ತಿನಿಂದ ಮಲಗಿಲ್ಲ.

ಹೌದು ತಮ್ಮಾ. ಅವಳೂ ನಿನ್ನ ಹಾಗೇ.

ಮಶೀನು, ಆಪರೇಶನ್ನು ಎಂದು ಡಾಕ್ಟರು ಏನೇನೋ ಹೇಳಿದ್ದಾರೆ. ನಿನ್ನ ಭಾವ ರಜೆ ಸಿಕ್ಕಾಗಲೆಲ್ಲ ಅದಕ್ಕಾಗಿ ಓಡಾಡುತ್ತಿದ್ದಾರೆ. ಆಗುವುದು ಆಗಲಿ, ನಾನು ಬೇಡ ಎನ್ನುವುದಿಲ್ಲ. ಅತ್ತೆ ಮೊದಲ ದಿನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಮ್ಮ ಕಡೆ ಯಾರೂ ಹಿಂಗ ಇದ್ದಿಲ್ಲವಾ" ಎಂದಳು. ಆ ಮಾತು ಯಾರಿಗೆ ನೆಟ್ಟಿತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೆ ಅದೇ ಅತ್ತೆ ಮರುದಿನ ಅಡಿಗೆ ಮನೆಯಿಂದ ಒದರಿದಳು: "ಏ ದೀಪಿಕಾ, ಬಾ ಇಲ್ಲೆ! ನೆಲಕ್ಕ ಕಾಲು ಬಡದ್ರ ನನ್ನ ಕಡೆ ತಿರಗ್ತೈತಿ ನೋಡ ಹುಡುಗಿ!" ಹೋಗಿ ನೋಡಿದರೆ ಮುದುಕಿ ನೆಲದ ಬಂಡೆಯ ಮೇಲೆ ಕಾಲು ಬಡಿಯುತ್ತಿದ್ದಾಳೆ, ಕೂಸು ತಿರುಗಿ ಕೇಕೆ ಹಾಕುತ್ತಿದೆ. ಅವ್ವ ನಿನ್ನನ್ನು ಕರೆಯುತ್ತಿದ್ದುದು ಹಾಗೇ ಅಲ್ಲವೇ, ಪಡಸಾಲೆಯಲ್ಲಿ ಕಾಲು ಬಡಿದು?

ನಿದ್ದೆ ಇಲ್ಲದವಳಿಗೆ ಮುಂದಿನದೇ ಚಿಂತೆ. ಇವಳು ಸಾಲಿಗೆ ಹೋಗುವಳು, ಅಷ್ಟರೊಳಗೆ ಎಲ್ಲ ಪಾಠವೂ ವಿಡಿಯೊ ಆಗಿರುತ್ತದೆ, ಇವಳಿಗೆ ಸ್ಲೇಟು ಹಿಡಿಯಲು ಅಕ್ಕ ಇಲ್ಲ. ಹೀಗೆ ಯೋಚಿಸುತ್ತ ಒಂದು ಮಧ್ಯಾಹ್ನ, ಕೂಸಿಗೆ ಹಾಲು ಕುಡಿಸುತ್ತ, ನೀನು ನೋಡುತ್ತಿದ್ದ ಪಾಠಗಳು ಈಗಲೂ ಇವೆಯೇ ಎಂದು ಮೊಬೈಲಿನಲ್ಲಿ ಹುಡುಕಿದೆ. ಇದ್ದವು. ಅದೇ ಕೈಗಳು, ಅದೇ ಬೋರ್ಡು. ಅವುಗಳ ನಡುವೆ ನಾನು ನೋಡದೇ ಇದ್ದದ್ದು ಒಂದಿತ್ತು. ಫ್ಯೂಜ್ ಹಾಕುವ ವಿಧಾನ. ನೀನು "ಸುಲಭವಾಗಿದೆ" ಎಂದು ಬರೆದದ್ದು.

ಪರಮೇಶ, ಇಲ್ಲಿ ನಿಧಾನವಾಗಿ ಓದು.

ವಿಡಿಯೊದಲ್ಲಿ ಮೇನು ಚಾಲೂ ಇದೆ. ತಿಮ್ಮಣ್ಣ ಸರ್ ಕೈ ಫ್ಯೂಜ್ ತೆಗೆದುಕೊಂಡು ಸರಕ್ಕನೆ ಒತ್ತುತ್ತದೆ. ನೀನು ನೋಡಿದ್ದು ಇಷ್ಟು. ಅದೇ ಹೊತ್ತಿಗೆ ಅವರ ದನಿ ಹೇಳುತ್ತದೆ: "ಹೊಲದಾಗ ನಮ್ಮ ಮಂದಿ ಹಿಂಗ ಮಾಡ್ತಾರ ನೋಡ್ರಿ. ಯಾವತ್ತೂ ಹಿಂಗ ಮಾಡಬ್ಯಾಡ್ರಿ. ಕೈ ಸುಟ್ಟು ಹೊಕ್ಕಾವು. ಈ ಬೋರ್ಡಿಗೆ ಕರೆಂಟ್ ಕೊಟ್ಟಿಲ್ಲ, ಅದಕ್ಕ ನಾ ಮಾಡಿ ತೋರಸಾಕತ್ತೀನಿ." ಆಮೇಲೆ ಕೈ ಮೇನು ಬಂದ್ ಮಾಡಿ, ಫ್ಯೂಜ್ ಹಾಕಿ, ಮತ್ತೆ ಮೇನು ಚಾಲೂ ಮಾಡುತ್ತದೆ. ಆಗ ದನಿ ಹೇಳುತ್ತದೆ: "ಇದು ಖರೇ ಹಾದಿ."

ಕೇಳುವವರಿಗೆ ಅಲ್ಲಿರುವುದು ಒಂದು ತಪ್ಪು, ಒಂದು ಸರಿ. ನಿನಗೆ ಕಂಡದ್ದು ಎರಡು ಹಾದಿ. ಒಂದು ಲಗೂ ಆಗುವುದು, ಒಂದು ತಡ ಆಗುವುದು. ಮೇಷ್ಟ್ರ ಕೈ ಎರಡನ್ನೂ ಮಾಡಿತ್ತು, ಎರಡರಲ್ಲೂ ಅವರಿಗೆ ಏನೂ ಆಗಿರಲಿಲ್ಲ.

ಕೂಸು ನನ್ನ ಎದೆಯ ಮೇಲೇ ಇತ್ತು. ಅಪ್ಪನ ಎರಡು ಬೆರಳು ಆಗ ನೆನಪಾಯಿತು. ಇಷ್ಟು ವರ್ಷ ಅವನು, "ಎರಡು ನಿಮಿಷದಾಗ ಆಕ್ಕೈತಿ ಅಂದಾ ಅಂತ ತಿಳಕೊಂಡೆ" ಎನ್ನುತ್ತಿದ್ದ. ಅಲ್ಲ. ನೀನು ಹೇಳಿದ್ದು, ಇದಕ್ಕೆ ಎರಡು ಹಾದಿ ಇವೆ ಎಂದು. ಆಮೇಲೆ ಒಂದು ಬೆರಳು ತೋರಿಸಿದ್ದು, ನೀರು ಹಾಯುವ ಅವಸರದಲ್ಲಿ ಮೊದಲನೆಯದು ಸಾಕು ಎಂದು. ನೀನು ಪಾಠ ಮರೆತಿರಲಿಲ್ಲ. ಕಲಿತದ್ದನ್ನು ಕಲಿತ ಹಾಗೇ ಮಾಡಿದೆ. ಕಣ್ಣಿಲ್ಲೇನ ಅವಗ ಎಂದವರು ತಿಳಿದುಕೊಳ್ಳಲಿ, ನಿನ್ನ ಕಣ್ಣು ಒಂದನ್ನೂ ಬಿಟ್ಟಿರಲಿಲ್ಲ. ಪಾಠದ ಅರ್ಧಭಾಗ ಕಣ್ಣಿಗೆ ಕಾಣುವ ಜಾಗದಲ್ಲಿ ಇರಲೇ ಇಲ್ಲ. ತಪ್ಪು ನಿನ್ನದಲ್ಲ. ಇದೊಂದು ಸಾಲಿಗಾಗಿ ಈ ಇಡೀ ಕಾಗದ ಬರೆದಿದ್ದೇನೆ. ಅಪ್ಪನಿಗೆ ಹೇಳಿದಾಗ ಅವನು ಎರಡು ಬೆರಳು ಎತ್ತಿ ಹಿಡಿದುಕೊಂಡು ಭಾಳ ಹೊತ್ತು ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ಕೂತ.

ಮರುದಿನ ಕೂಸನ್ನು ಎತ್ತಿಕೊಂಡು ಗಂಗಾವತಿಗೆ, ತಿಮ್ಮಣ್ಣ ಸರ್ ಹತ್ತಿರ ಹೋದೆ. ಜಗಳಕ್ಕೇ ಹೋಗಿದ್ದೆ. ಅವರು ಪೂರ್ತಿ ಕೇಳಿ, "ನಾ ಹೇಳೇನಲ್ಲವಾ ತಂಗಿ, ಮಾಡಬ್ಯಾಡ್ರಿ ಅಂತ ಸ್ಪಷ್ಟ ಹೇಳೇನಿ. ಬೇಕಾದ್ರ ಕೇಳು" ಎಂದರು. "ಕೇಳೂದಲ್ಲರಿ ಸರ್, ನೋಡ್ರಿ" ಎಂದು ಮೊಬೈಲಿನ ದನಿ ಪೂರ್ತಿ ಇಳಿಸಿ ಅವರ ಕೈಗೆ ಕೊಟ್ಟೆ. ಅವರು ತಮ್ಮ ವಿಡಿಯೊವನ್ನು ದನಿಯಿಲ್ಲದೆ ಯಾವತ್ತೂ ನೋಡಿರಲಿಲ್ಲ. ಮುಗಿದ ಮೇಲೂ ಆ ಕಪ್ಪು ಪರದೆಯನ್ನೇ ನೋಡುತ್ತಿದ್ದರು. "ನಾ ಬಾಯಿಲೆ ಬ್ಯಾಡ ಅಂದೆ. ನನ್ನ ಕೈ ಮಾಡು ಅಂದ್ವು" ಎಂದರು. ಮೊಬೈಲು ನನ್ನ ಕೈಗೆ ವಾಪಸು ಕೊಡುತ್ತ, "ಪರಮೇಶ ನನ್ನ ಮುಂದಿನ ಬೆಂಚಿನಾಗ ಕೂಡತಿದ್ದ. ಕ್ಲಾಸಿನ್ಯಾಗ ಅವನ ಕಡೆ ಮಾರಿ ಮಾಡೇ ಹೇಳತಿದ್ದೆ ತಂಗಿ. ಮೊಬೈಲ್ ಮುಂದ ನಿಂತ ದಿನಾ ಮರತೆ" ಎಂದರು. ನಾನು ತಂದಿದ್ದ ಜಗಳ ಅಲ್ಲಿ ಹಾಕಲು ಜಾಗ ಸಿಗಲಿಲ್ಲ, ಪರಮೇಶ. ಮನೆಗೆ ವಾಪಸು ತಂದೆ.

ಅವರು ಅಂದೇ ಆ ವಿಡಿಯೊ ತೆಗೆದುಹಾಕುತ್ತೇನೆ ಎಂದರು. ಬೇಡ, ಅದರ ಕೆಳಗೆ ಅಕ್ಷರ ಹಾಕೋಣ ಎಂದೆ. ಸಿನಿಮಾದಲ್ಲಿ ಬರುವ ಹಾಗೆ, ಮಾತು ಮಾತಿಗೂ ಕೆಳಗೆ ಸಾಲು. ಅದಕ್ಕೆ ಕ್ಯಾಪ್ಶನ್ ಎನ್ನುತ್ತಾರೆ. ನಾವಿಬ್ಬರೂ ಅದನ್ನು ಸ್ಲೇಟಿನ ಕೆಳಭಾಗ ಎನ್ನುತ್ತಿದ್ದೆವು. ಮೊಬೈಲು ತಾನೇ ಬರೆಯುತ್ತದಂತಲ್ಲ ಎಂದು ಮೊದಲು ಅದಕ್ಕೇ ಬಿಟ್ಟು ನೋಡಿದೆವು. ತಿಮ್ಮಣ್ಣ ಸರ್ ಮಾತು ಅದಕ್ಕೆ ತಿಳಿಯಲಿಲ್ಲ. ಮೇನು ಎಂದರೆ ಮೀನು ಎಂದು ಬರೆಯಿತು. "ಮೀನು ಬಂದ್ ಮಾಡ್ರಿ ಅಂತ, ಮೊಬೈಲಿಗೂ ಪುಸ್ತಕದ ಕನ್ನಡಾನ ಬೇಕೇನು?" ಎಂದು ಸರ್ ನಕ್ಕರು. ನನಗೂ ನಗು ಬಂತು, ತುಟಿ ಕಚ್ಚಿ ಅದನ್ನು ಅಳಿಸಿದೆ.

ಕೊನೆಗೆ ನಾನೇ ಕೂತು ಬರೆದೆ. ಸಿದ್ದಾಪುರಕ್ಕೆ ಬಂದು, ಅವ್ವ ಕೂಸನ್ನು ಆಡಿಸುವಾಗ, ಕೂಸು ಸೀರೆಯ ಜೋಳಿಗೆಯಲ್ಲಿ ಮಲಗಿದಾಗ, ಒಂದೊಂದು ಪಾಠ. ಸಾಲು ಚಿಕ್ಕದಿರಬೇಕು, ಓದಿ ಮುಗಿಯುವ ತನಕ ನಿಲ್ಲಬೇಕು, ಕೈಯನ್ನು ಮುಚ್ಚಬಾರದು. ಮೋಟಾರಿನ ದನಿ ಬದಲಾದರೆ ಅದನ್ನೂ ಬರೆಯಬೇಕು: "ಮೋಟಾರ್ ಗುಂಯ್ ಎನ್ನುತ್ತಿದೆ, ತಿರುಗುತ್ತಿಲ್ಲ." ನಾಯಿ ಬೊಗಳಿದ್ದನ್ನೂ ಬರೆದು ಕಲಿತವಳಲ್ಲವೇ ನಾನು. ಆ ಫ್ಯೂಜಿನ ಪಾಠಕ್ಕೆ ಬಂದಾಗ, ತಪ್ಪು ಹಾದಿ ತೋರಿಸುವಷ್ಟು ಹೊತ್ತೂ ಪರದೆಯ ಮೇಲೆ ಕೆಂಪು ಗೀಟು ಎಳೆಸಿ ಕೆಳಗೆ ಬರೆದೆ: "ಇದು ತಪ್ಪು. ಹೀಗೆ ಮಾಡಬಾರದು. ಈ ಬೋರ್ಡಿಗೆ ಕರೆಂಟ್ ಇಲ್ಲ." ಸರ್ ಅಂದ ಹಾಗೆ ಮಾಡಬ್ಯಾಡ್ರಿ ಎಂದು ಬರೆಯಲಿಲ್ಲ. ಓದುವವನು ನೀನೇ ಎಂದುಕೊಂಡು, ನಿನ್ನ ಕನ್ನಡದಲ್ಲೇ ಬರೆದೆ. ಎಷ್ಟು ಸಣ್ಣ ಮಾತು ಅದು. ಒಂದು ಉಸಿರಿನಲ್ಲಿ ಓದಬಹುದು. ಅಷ್ಟು ಅಲ್ಲಿ ಇದ್ದಿದ್ದರೆ ಒಂದು ಕೈ ಇರುತ್ತಿತ್ತು. ಬರೆದು ಮುಗಿಸಿ ಎದ್ದಾಗ ಅವ್ವ, "ಯಾಕವಾ, ಮಾರಿ ಹಿಂಗ ಬೆಳ್ಳಗಾಗೇತಿ?" ಎಂದಳು. ಏನೂ ಇಲ್ಲ, ನಿದ್ದೆ ಇಲ್ಲ ಎಂದೆ.

ಐ.ಟಿ.ಐ.ನ ಈಗಿನ ಹುಡುಗರು ಅಕ್ಷರ ಹಾಕಿದ ಪಾಠಗಳನ್ನೇ ನೋಡುತ್ತಿದ್ದಾರೆ. ಅವರಲ್ಲಿ ಕಿವಿ ಕೇಳದವರು ಒಬ್ಬರೂ ಇಲ್ಲ. ಆದರೂ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಹುಡುಗನೊಬ್ಬ, "ಮೇಡಂ, ಸರ್ ಬಡಬಡ ಮಾತಾಡಿದ್ರ ಅರ್ಧಾ ತಿಳೀತಿದ್ದಿಲ್ಲ, ಓದಿದ್ರ ತಿಳೀತೈತಿ" ಎಂದ. ರೈಸ್ ಮಿಲ್ಲಿನ ಗೋಡೆಗೆ ಹತ್ತಿಕೊಂಡು ಮನೆಯಿರುವ ಹುಡುಗಿ, "ಮಿಲ್ಲಿನ ಸಪ್ಪಳಕ್ಕ ನಮ್ಮನ್ಯಾಗ ಇಡೀ ದಿನಾ ಎಲ್ಲಾರೂ ಕಿವುಡ್ರ ಇದ್ದಂಗ ರೀ, ಈಗ ಪಾಠ ಓದತೀನಿ" ಎಂದಳು. ಎಲ್ಲರಿಗೂ ಬೇಕಾಗಿತ್ತು ಅದು. ಯಾರೂ ಕೇಳಿರಲಿಲ್ಲ, ನಿನ್ನ ಕೈ ಕೇಳುವ ತನಕ. ಇದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ.

ಇನ್ನು ನಿನ್ನಲ್ಲಿ ಕೇಳುವುದೊಂದಿದೆ.

ನನ್ನ ಮಗಳಿಗೆ ಇನ್ನೂ ಹೆಸರಿಲ್ಲ. ದುರ್ಗಾದೇವಿ ಎಂಬುದು ಕಾಗದದ ಮೇಲಿದೆ, ನಮ್ಮ ಬಾಯಲ್ಲಿದೆ, ಅವಳಿಗೆ ಅದು ಮುಟ್ಟಿಲ್ಲ. ಕಿವಿಯಲ್ಲಿ ಊದಿದ ಹೆಸರು ಊದಿದಲ್ಲೇ ಉಳಿಯಿತು. ನಾನು ಒಂದು ಕೈ ಹೆಸರು ಇಡಲು ಹೋದೆ, ಅವ್ವ ನನ್ನ ಕೈ ಹಿಡಿದುಬಿಟ್ಟಳು. "ಸುಮ್ನಿರು. ಈ ಮನ್ಯಾಗ ಎಲ್ಲಾರಿಗೂ ಅವನೇ ಹೆಸರಿಟ್ಟಾನ, ಇದಕ್ಕೂ ಅವನೇ ಇಡಲಿ" ಎಂದಳು. ಹೇಳಿ ಮೂಗುತಿ ಮುಟ್ಟಿಕೊಂಡಳು. ಅವಳನ್ನು ಆ ಹೆಸರಿನಿಂದ ಕರೆಯುವವರು ಮನೆಯಲ್ಲಿ ಯಾರೂ ಇಲ್ಲದೆ ಎಷ್ಟು ದಿನವಾಯಿತು.

ಬಾ ತಮ್ಮಾ. ಊರಿಗೆ ಬರುವುದು ಬೇಡವಾದರೆ ನಾನೇ ಕೂಸನ್ನು ಎತ್ತಿಕೊಂಡು ಕೆರೆ ದಂಡೆಗೆ ಬರುತ್ತೇನೆ. ನಿನ್ನ ಕೈ ನೋಡಿ ಅವಳು ಹೆದರಿಯಾಳು ಎಂದು ಅಂಜಬೇಡ. ಕೈ ಎಂದರೆ ಐದು ಬೆರಳು ಎಂದು ಅವಳಿಗೆ ಇನ್ನೂ ಯಾರೂ ಕಲಿಸಿಲ್ಲ. ಅವಳು ಎಲ್ಲರ ಕೈಯನ್ನೇ ನೋಡುತ್ತಾಳೆ. ಈಗ ನಾನು ಬರೆಯುತ್ತಿರುವಾಗ, ಹೊಸ್ತಿಲಿನ ಹತ್ತಿರ ಕೂತು ನನ್ನ ಪೆನ್ನು ಹೋದ ಕಡೆಗೆಲ್ಲ ಕಣ್ಣು ಹೊರಳಿಸುತ್ತಿದ್ದಾಳೆ, ನೀನು ಬಳಪವನ್ನು ನೋಡುತ್ತಿದ್ದಂತೆ. ನನಗೆ ಅವಳಿಗೆ ಓದು ಕಲಿಸಲು ಬರುತ್ತದೆ. ಓದು ಬರುವ ತನಕದ ಮಾತು ನನ್ನ ಕೈಗಳಿಗೆ ಗೊತ್ತಿಲ್ಲ, ನಿನ್ನವಕ್ಕೆ ಗೊತ್ತು. ಬೆರಳು ಕಡಿಮೆಯಾದರೆ ಮಾತು ಸ್ವಲ್ಪ ತೊದಲೀತು. ತೊದಲು ಮಾತೇ ಅಲ್ಲವೇ ಕೂಸಿಗೆ ಬೇಕಾದದ್ದು?

ಇನ್ನೊಂದು. ನಿನ್ನ ಎಡಗೈಯಲ್ಲಿ ಬೆರಳಿವೆ, ಬಲಗೈಯಲ್ಲಿ ಅಂಗೈ ಉಳಿದಿದೆ. ಎಡಗೈಯ ಬೆರಳಿನಿಂದ ಬಲ ಅಂಗೈ ಮೇಲೆ ಬರೆದರೂ ಅದು ಅಕ್ಕ ಎಂದೇ ಆಗುತ್ತದೆ. ನಾನು ಓದಿಕೊಳ್ಳುತ್ತೇನೆ. ಕೆರೆಯ ಆ ದಂಡೆಯಿಂದ ಮಾಡಿದರೂ ಓದಿಕೊಳ್ಳುತ್ತೇನೆ.

ಅಪ್ಪ ಅಲ್ಲೇ ಕೂತಿದ್ದಾನೆ. ಉತ್ತರ ಬರೆಯುವುದು ಬೇಡ. ಹೋಗಿ ಅವನ ಹೆಗಲು ತಟ್ಟು, ಅಷ್ಟು ಸಾಕು, ಅವನಿಗೆ ತಿಳಿಯುತ್ತದೆ. ತಟ್ಟಲು ಮನಸ್ಸು ಬರದಿದ್ದರೆ ಅವನು ಸಂಜೆಯ ಬಸ್ಸಿಗೆ ವಾಪಸು ಬರುತ್ತಾನೆ, ನಾನು ಬಾಗಿಲಲ್ಲಿ ನಿಂತು ಅವನ ಮುಖ ನೋಡುತ್ತೇನೆ. ಮತ್ತೆ ಬರೆಯುತ್ತೇನೆ.

ಕಾಗದದ ಮೇಲೆ ಎಲ್ಲಾದರೂ ಕಣ್ಣೀರಿಗೆ ಅಕ್ಷರ ಕಲಸಿದೆಯೇ ನೋಡು. ಇಲ್ಲ. ಮೊದಲು ಬರೆ ಎಂದು ನೀನೇ ಕಲಿಸಿದವನು. ಈಗ ಬರೆದು ಮುಗಿಯಿತು.

ಹುಲಿಗೆಮ್ಮ ತಾಯಿ ನಿನ್ನ ಕಣ್ಣುಗಳನ್ನು ನಮ್ಮ ಕಡೆಗೆ ತೆರೆಸಲಿ. ತಣ್ಣಗಿರು, ನನ್ನಪ್ಪಾ.

ನಿನ್ನ ಅಂಗೈ ಮೇಲಿನ ಅಕ್ಕ,
ದೀಪಿಕಾ